ಗುಡ್ಡ ಕಡಿದವರಾರು, ಕಂತು ತೆರುವವರಾರು?

2018ರ ಆಗಸ್ಟ್ ಮಳೆಗೆ ಕೊಡಗಿನ ಗುಡ್ಡಗಳು ಕುಸಿದಾಗ ಮನೆ, ತೋಟಗಳೊಡನೆ ವಾಹನಗಳೂ ಮಣ್ಣಿನಡಿ ಸೇರಿದವು. ಕಾನೂನು ಕಡ್ಡಾಯಗೊಳಿಸಿರುವ ‘ಥರ್ಡ್ ಪಾರ್ಟಿ’ ವಿಮೆ ಮಾತ್ರವಿದ್ದವರಿಗೆ ಇಂಥ ನಷ್ಟಕ್ಕೆ ಬಿಡಿಗಾಸೂ ದೊರೆಯದು. ಸಮಗ್ರ ವಿಮೆಯಿದ್ದರೆ ನೆರೆ, ಬಿರುಗಾಳಿ, ಭೂಕುಸಿತಗಳ ಹಾನಿಗೆ ಪರಿಹಾರವುಂಟು. ಅದರ ಬೆಲೆ ತಿಳಿಯುವುದು ಮರುವರ್ಷ.

ಐದು ವರ್ಷ ಪರಿಹಾರ ಕೇಳದ ಮಾಲೀಕನಿಗೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 50ರಷ್ಟು ‘ನೋ ಕ್ಲೇಮ್ ಬೋನಸ್’ ಸಲ್ಲುತ್ತದೆ. ಒಮ್ಮೆ ಕೇಳಿದರೆ ಅದು ಸೊನ್ನೆಗಿಳಿಯುತ್ತದೆ. ಮತ್ತೆ 20, 25, 35, 45 ಎಂದು ವರ್ಷಕ್ಕೊಂದು ಮೆಟ್ಟಿಲು ಏರಬೇಕು. ಪೂರ್ಣ ಕಂತು 10,000 ರೂಪಾಯಿ ಎಂದಿಟ್ಟುಕೊಂಡರೆ, ಆ ಐದು ವರ್ಷಗಳಲ್ಲಿ ಕೈತಪ್ಪುವ ರಿಯಾಯಿತಿ 12,500 ರೂಪಾಯಿ. ಕೊಂಬೆ ಬಿದ್ದು 8,000 ರೂಪಾಯಿಯ ದುರಸ್ತಿ ಬಂದರೆ ಕೈಯಿಂದಲೇ ತೆರುವುದು ಲೇಸು. (ಮತ್ತೆ ವಿಮೆ ಮಾಡಿಸಿದ್ದೇಕೆ?) ಬೋನಸ್ ಉಳಿಸಿಕೊಡುವ ಸೌಲಭ್ಯವೂ ಇದೆ, ಅದಕ್ಕೆ ಬೇರೆ ಹಣ.

ಚಾಲಕನ ಅಜಾಗರೂಕತೆಗೂ ಆಗಸದ ಮಳೆಗೂ ಒಂದೇ ದಂಡನೆ ನ್ಯಾಯವಲ್ಲ. ರಸ್ತೆಗೆಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿದು, ನೀರಿನ ಸಹಜ ಹರಿವನ್ನು ಮುಚ್ಚಿದವರ ಪಾಲು ಈ ಲೆಕ್ಕದಲ್ಲಿ ಎಲ್ಲಿಯೂ ಕಾಣದು. ಪ್ರಕೃತಿ ವಿಕೋಪವೆಂದು ಒಪ್ಪಿ ಪರಿಹಾರ ಕೊಟ್ಟ ಕಂಪನಿ ಅದೇ ಕಾರಣಕ್ಕೆ ಬೋನಸ್ ಕಸಿಯಕೂಡದು. ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಈ ಬೇಡಿಕೆ ಸಲ್ಲಿಸಲು ಮಲೆನಾಡಿನ ಗ್ರಾಮಸಭೆಗಳು ಮುಂಗಾರಿಗೆ ಮುನ್ನವೇ ನಿರ್ಣಯ ಅಂಗೀಕರಿಸಬೇಕು.