ಕಳೆನಾಶಕವೂ ಪೈರಿನ ಬೇರೂ

ಕಳೆನಾಶಕಗಳ ಬಳಕೆಯು ನಮ್ಮ ರೈತರಲ್ಲಿ ಹೆಚ್ಚುತ್ತಲಿದೆ. ಕೂಲಿಯಾಳುಗಳು ದೊರೆಯದ ಕಡೆಗಳಲ್ಲಿ ಇದನ್ನು ತಪ್ಪೆನ್ನಲಾಗದು. ಆದರೆ ಸೀಸೆಯೊಳಗಿನ ಪದಾರ್ಥವು ಗಿಡದಲ್ಲಿ ಏನು ಮಾಡುತ್ತದೆಂಬುದನ್ನು ಅರಿಯದೆ, ವರ್ಷವರ್ಷವೂ ಒಂದೇ ಮದ್ದನ್ನು ಒಂದೇ ಹೊಲಕ್ಕೆ ಹೊಡೆಯುವುದು ಅವಿವೇಕವೆಂಬುದು ನನ್ನ ಅಭಿಪ್ರಾಯವು.

ಬೇರಿನ ತುದಿಯಲ್ಲಿ ಒಂದು ಜೀವಕೋಶವು ಎರಡಾಗಿ, ಎರಡು ನಾಲ್ಕಾಗಿ ಬೇರು ಬೆಳೆಯುವುದಷ್ಟೆ. ಆಗ ವಂಶಗುಣಗಳನ್ನು ಹೊತ್ತ ವರ್ಣತಂತುಗಳು ಇಬ್ಭಾಗವಾಗಿ ಎರಡು ಕಡೆಗೆ ಸರಿಯಬೇಕು. ನಡುವೆ ಹೊಸ ಗೋಡೆಯೊಂದು ಏಳಬೇಕು. ಇದಕ್ಕಾಗಿ ಕೋಶದೊಳಗೆ ಟ್ಯೂಬುಲಿನ್ ಎಂಬ ಸಸಾರಜನಕದಿಂದ ಅತಿಸೂಕ್ಷ್ಮವಾದ ನಾಳಗಳು ಕಟ್ಟಲ್ಪಡುತ್ತವೆ. ಅವೇ ಹಾದಿಗಳು. ಆ ಹಾದಿಗಳ ಮೇಲೆ ದುಡಿಯುವ ಆಳುಗಳೂ ಸಸಾರಜನಕಗಳೇ. ಅವುಗಳಿಗೆ ಕೈನೆಸಿನ್ ಎಂದು ಹೆಸರು. ಕೆಲವು ನಾಳಗಳನ್ನು ಒಂದರಿಂದೊಂದು ದೂರಕ್ಕೆ ತಳ್ಳುತ್ತವೆ. ಕೆಲವು ಗೋಡೆಯ ಕೆಲಸವನ್ನು ನಡುವಿನಿಂದ ಅಂಚಿನವರೆಗೆ ಮುಂದುವರಿಸುತ್ತವೆ. ತಂಬಾಕಿನ ಕೋಶಗಳಲ್ಲಿ ಇಂತಹ ಒಂದು ಕೈನೆಸಿನ್ನಿನ ಕೆಲಸವನ್ನು ತಡೆದರೆ ಗೋಡೆಯು ಅರ್ಧಕ್ಕೇ ನಿಲ್ಲುತ್ತದೆಂಬುದನ್ನು ಜಪಾನಿನ ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದರು.

ನೆಲಗಡಲೆ, ಈರುಳ್ಳಿ ಹೊಲಗಳಲ್ಲಿ ಕಳೆಯು ಮೊಳೆಯುವ ಮುನ್ನ ಹೊಡೆಯುವ ಪೆಂಡಿಮೆಥಾಲಿನ್ ಈ ಆಳುಗಳನ್ನು ಮುಟ್ಟುವುದಿಲ್ಲ, ಹಾದಿಯನ್ನೇ ಕಟ್ಟಗೊಡುವುದಿಲ್ಲ. ಹಾದಿಯಿಲ್ಲದ ಮೇಲೆ ಆಳುಗಳು ಎಷ್ಟಿದ್ದರೇನು! ಮೊಳಕೆಯ ಬೇರಿನ ತುದಿಯು ದಪ್ಪಗಾಗಿ ಬೆಳವಣಿಗೆಯು ಅಲ್ಲಿಗೇ ನಿಲ್ಲುತ್ತದೆ. ಪೈರಿನ ಕೋಶದಲ್ಲಿಯೂ ಹಾದಿಗಳು ಇವೇ ಆದುದರಿಂದ, ಬೀಜವು ಮದ್ದು ಬಿದ್ದ ಮೇಲ್ಮಣ್ಣಿಗಿಂತ ಕೆಳಗಿದ್ದರೆ ಕ್ಷೇಮ. ನೆಲಗಡಲೆ ಬಿತ್ತುವಾಗ ಕೂರಿಗೆಯ ಆಳವನ್ನು ಯಜಮಾನರು ತಾವೇ ನಿಂತು ನೋಡತಕ್ಕದ್ದು.

ಇದಕ್ಕಿಂತಲೂ ದೊಡ್ಡ ಅಪಾಯವು ಬೇರೆ ಇದೆ. ಅಮೆರಿಕದ ದಕ್ಷಿಣ ಕೆರೊಲಿನಾದ ಹತ್ತಿಯ ಹೊಲಗಳಲ್ಲಿ ಇದೇ ವರ್ಗದ ಟ್ರೈಫ್ಲುರಾಲಿನ್ ಎಂಬುದನ್ನು ಬಹುಕಾಲ ಬಳಸಿದ ಮೇಲೆ, ಎಲೂಸಿನ್ ಇಂಡಿಕಾ ಎಂಬ ಹುಲ್ಲು ಅದಕ್ಕೆ ಬಗ್ಗದಂತಾಯಿತು. ಟ್ಯೂಬುಲಿನ್ನಿನ 239ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲವು ಬದಲಾದುದೇ ಇದಕ್ಕೆ ಕಾರಣವೆಂದು 1998ರಲ್ಲಿ ಗೊತ್ತಾಯಿತು. ಈ ಹುಲ್ಲು ನಮ್ಮ ರಾಗಿಯ ಹತ್ತಿರದ ಬಂಧು. ನಮ್ಮ ಹೊಲಗಳಲ್ಲಿಯೂ ಹೇರಳವಾಗಿದೆ. ಎಳೆಯದರಲ್ಲಿ ಇದನ್ನೂ ರಾಗಿಯ ಪೈರನ್ನೂ ಬೇರ್ಪಡಿಸಿ ಗುರುತಿಸುವುದು ಅನುಭವಿಗಳಿಗೂ ಕಷ್ಟ.

ಮದ್ದಿಗೆ ಬಗ್ಗದ ಹುಲ್ಲಿನ ಬೀಜವು ಮಳೆಯ ನೀರಿನೊಡನೆ ಬದುವನ್ನು ದಾಟಿ ನೆರೆಯವನ ಹೊಲವನ್ನು ಸೇರುವುದರಿಂದ, ಇದು ಒಬ್ಬೊಬ್ಬರ ಇಷ್ಟಕ್ಕೆ ಬಿಡುವ ವಿಷಯವಲ್ಲ. ಒಂದು ವರ್ಷ ಮದ್ದು ಹೊಡೆದ ಹೊಲದಲ್ಲಿ ಮರುವರ್ಷ ಎಡೆಕುಂಟೆಯನ್ನೇ ಆಡಿಸುವಂತೆ ಗ್ರಾಮದ ಮುಖಂಡರು ಸಭೆ ಸೇರಿಸಿ ಕಟ್ಟುಪಾಡು ಮಾಡಬೇಕು. ಮದ್ದು ಹೊಡೆದ ಮೇಲೂ ಉಳಿದ ಹುಲ್ಲನ್ನು ತೆನೆ ಕಟ್ಟುವುದರೊಳಗೆ ಬೇರುಸಹಿತ ಕೀಳಿಸತಕ್ಕದ್ದು.