ಕಡಲ ಬದಿಯವರು ನಾವು, ಈಜು ಮಾತ್ರ ಬಾರದು

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಕುಟುಂಬದ ಒಂಬತ್ತು ಮಂದಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆವು. ಬೆಳಗಿನ ನಾಲ್ಕೂವರೆಗೆ ಸುರತ್ಕಲ್ ಬಿಟ್ಟು, ಉಡುಪಿ ದಾಟಿ ಸಿಕ್ಕಿದ ಮಸೀದಿಯಲ್ಲಿ ಸುಬಹಿ ನಮಾಝ್ ಮುಗಿಸಿ, ಎಂಟು ಗಂಟೆಯ ಹೊತ್ತಿಗೆ ಮುರುಡೇಶ್ವರದಲ್ಲಿದ್ದೆವು. ಲೈಫ್ ಜಾಕೆಟ್ ಹಂಚುತ್ತಾ ಬೋಟಿನ ಹುಡುಗ ಕೇಳಿದ: “ಈಜು ಬರುವವರು ಯಾರ್ಯಾರು? ಕೈ ಎತ್ತಿ.” ಒಬ್ಬರೂ ಎತ್ತಲಿಲ್ಲ. “ಮಂಗಳೂರು ಕಡೆಯವರು ಅಂದ್ರಲ್ಲ ನೀವು?” ಎಂದು ನಕ್ಕ. ನಾವೂ ನಕ್ಕೆವು. ಆದರೆ ನನಗೆ ಒಳಗೊಳಗೇ ನಾಚಿಕೆಯಾಯಿತು.

ನಮ್ಮ ಅಜ್ಜಂದಿರ ಕಾಲದಲ್ಲಿ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಯಲ್ಲಿ ಸಾಮಾನು ಹೋಗುತ್ತಿತ್ತು, ಅಲ್ಲಿಂದ ಕೊಬ್ಬರಿ ಬರುತ್ತಿತ್ತು. 1956ರವರೆಗೆ ಅಮಿನಿ, ಕಡಮತ್ತ್, ಕಿಲ್ತಾನ್‌ನಂಥ ಹವಳ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಂಥ ಸಮುದಾಯದ ಮೊಮ್ಮಕ್ಕಳು ನಾವು. ನೀರು ಕಂಡರೆ ಸೊಂಟದವರೆಗೆ ಇಳಿದು ಸೆಲ್ಫಿ ತೆಗೆದು ಬರುತ್ತೇವೆ, ಅಷ್ಟೇ. ಇದರಲ್ಲಿ ಉಮ್ಮಂದಿರ ತಪ್ಪಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನೆರೆಮನೆಯ ಹುಡುಗನೊಬ್ಬ ಹೊಳೆಯಲ್ಲಿ ಮುಳುಗಿ ತೀರಿಕೊಂಡ. ಆ ದಿನದಿಂದ ನನ್ನ ಉಮ್ಮ ನನ್ನನ್ನು ಹೊಳೆಯ ಹತ್ತಿರವೂ ಬಿಡಲಿಲ್ಲ. ಅದೇ ಹೆದರಿಕೆಯನ್ನು ನಾನು ನನ್ನ ಮಕ್ಕಳಿಗೆ ಕೊಟ್ಟೆ. ಹೆದರಿಕೆ ಕೊಟ್ಟೆವು, ಈಜು ಕೊಡಲಿಲ್ಲ.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ. ಬೋಟಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ದಾರಿ. ಮಳೆಗಾಲದಲ್ಲಿ ಬೋಟ್ ಇಲ್ಲ. ನೀರಿಗಿಳಿಯುವ ಮೊದಲು ತರಬೇತುದಾರರು ಎರಡು ಮಾತು ಮತ್ತೆ ಮತ್ತೆ ಹೇಳಿದರು: ಕೆಳಗೆ ಇಳಿಯುವಾಗ ಮೂಗು ಹಿಡಿದು ಊದಿ ಕಿವಿಯ ಒತ್ತಡ ಬಿಡಿಸಿಕೊಳ್ಳಬೇಕು, ಉಸಿರನ್ನು ಯಾವ ಕಾರಣಕ್ಕೂ ಕಟ್ಟಬಾರದು. ಹತ್ತು ಮೀಟರ್ ಇಳಿದರೆ ದೇಹದ ಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ. ಅಲ್ಲಿಂದ ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಪ್ರಾಣಕ್ಕೇ ಕುತ್ತು. ಆಸ್ತಮಾ, ಹೃದಯದ ತೊಂದರೆ, ಕಿವಿ ಸೋರುವುದು, ಬಸುರಿ ಎಂಬುದನ್ನೆಲ್ಲ ಮುಚ್ಚಿಡದೆ ಹೇಳಬೇಕು. ರಜೆಯಲ್ಲಿ ಬಂದ ಗಲ್ಫ್ ಸಹೋದರರಿಗೆ ಇನ್ನೊಂದು ಮಾತು: ಸ್ಕೂಬಾ ಮಾಡಿ ಮರುದಿನ ಬೆಳಿಗ್ಗೆಯೇ ವಿಮಾನ ಹತ್ತಬೇಡಿ. ಕನಿಷ್ಠ 18 ಗಂಟೆ ಬಿಡುವುದು ಒಳ್ಳೆಯದು.

ನನ್ನ ಹದಿನಾಲ್ಕರ ಮಗಳು ತಾನೂ ಇಳಿಯುತ್ತೇನೆ ಎಂದಾಗ ಬೋಟಿನಲ್ಲಿ ಸಣ್ಣ ಚರ್ಚೆಯೇ ನಡೆಯಿತು. “ಹೆಣ್ಣು ಮಕ್ಕಳಿಗೆ ಇದೆಲ್ಲ ಯಾಕೆ?” ಎಂದವರು ನನ್ನ ಮಾವ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಸ್ಕೂಬಾದವರ ಉಡುಪು ಕುತ್ತಿಗೆಯಿಂದ ಪಾದದವರೆಗೆ ಮುಚ್ಚುತ್ತದೆ. ಅದರ ಮೇಲೆ ಸಡಿಲ ಅಂಗಿ, ತಲೆಗೆ ಹುಡ್ ಹಾಕಿಕೊಳ್ಳಲು ಯಾರೂ ಅಡ್ಡಿ ಹೇಳಲಿಲ್ಲ. ತರಬೇತುದಾರರಲ್ಲಿ ಒಬ್ಬಳು ಹುಡುಗಿಯೂ ಇದ್ದಳು. ಮಗಳು ಅವಳ ಜೊತೆ ಇಳಿದಳು. ಇಪ್ಪತ್ತು ನಿಮಿಷ ಕಳೆದು ಮೇಲೆ ಬಂದವಳು, “ಉಪ್ಪ, ನೀಲಿ ಮೀನು ಹವಳ ಕಚ್ಚುವ ಸದ್ದು ಕೇಳಿತು” ಎಂದಳು. ಅದು ಗಿಳಿಮೀನು. ನಾನು ಸ್ನಾರ್ಕೆಲ್ ಕಚ್ಚಿಕೊಂಡು ಮೇಲೆಯೇ ತೇಲುತ್ತಿದ್ದೆ. ಗಲ್ಫಿನಲ್ಲಿ ತಟ್ಟೆಯ ಮೇಲೆ ಮಾತ್ರ ನೋಡಿದ್ದ ಹಮ್ಮೂರ್ ಜಾತಿಯ ಮೀನು ಬಂಡೆಯ ಸಂದಿನಲ್ಲಿ ಬಾಯಿ ತೆರೆದು ನಿಂತದ್ದನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಕಂಡೆ.

ಇನ್ನು ನಮ್ಮಿಂದಾದ ತಪ್ಪು. ತಂಗಿಯ ಮಗ ಹವಳದ ಒಂದು ತುಂಡು ಮುರಿದು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಿದ್ದ. “ತಮಾ, ಇದು ಕಲ್ಲಲ್ಲ, ಜೀವ ಇರೋದು” ಎಂದು ಬೋಟಿನ ಹುಡುಗ ಅದನ್ನು ನೀರಿಗೆ ಬಿಡಿಸಿದ. ಹವಳ ಸಾವಿರಾರು ಸಣ್ಣ ಪ್ರಾಣಿಗಳ ಗೂಡು. ಗಟ್ಟಿ ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ನಾವು ಒಂದು ಕ್ಷಣದಲ್ಲಿ ಮುರಿಯುವುದು ಅದರ ಎಷ್ಟೋ ವರ್ಷಗಳ ದುಡಿಮೆ. 2001ರಿಂದ ನಮ್ಮ ದೇಶದಲ್ಲಿ ಹವಳಕ್ಕೆ ವನ್ಯಜೀವಿ ಕಾಯ್ದೆಯಡಿ ಹುಲಿಗಿರುವಷ್ಟೇ ರಕ್ಷಣೆ ಇದೆ. ಮೊದಲೇ ಕಡಲು ಬಿಸಿಯೇರಿ ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬಿಳಿಚಿಕೊಂಡಿದ್ದವು, 2024ರಲ್ಲಿ ಮತ್ತೆ ಬಿಳಿಚಿದವು. ಅದರ ಮೇಲೆ ನಮ್ಮ ಕೈಯೂ ಕಾಲೂ ಬೇಕೇ?

ಸೂರಃ ಅರ್ರಹ್ಮಾನ್‌ನಲ್ಲಿ ಮುತ್ತಿನ ಜೊತೆಗೆ ‘ಮರ್ಜಾನ್’ ಎಂಬ ಪದವನ್ನು ನಾವೆಲ್ಲ ಓದುತ್ತೇವೆ. ಹವಳವೆಂದು ಅದಕ್ಕೆ ಅರ್ಥ ಹೇಳುತ್ತಾರೆ. ಅಲ್ಲಾಹನ ಅನುಗ್ರಹಗಳನ್ನು ಎಣಿಸುವಾಗ ಬರುವ ಹೆಸರದು. ಅದನ್ನು ಓದುವವರೇ ಕಾಲಿನಿಂದ ತುಳಿಯಬಾರದು, ಬಿಸ್ಲೇರಿ ಬಾಟಲಿಯನ್ನು ಅದರ ಮೇಲೆ ಎಸೆಯಬಾರದು. ನಮ್ಮ ಎಷ್ಟೋ ಮನೆಗಳ ಶೋಕೇಸಿನಲ್ಲಿ ಯಾರೋ ತಂದುಕೊಟ್ಟ ಬಿಳಿ ಹವಳ ಇದೆ. ನನ್ನ ಮನೆಯಲ್ಲೂ ಇದೆ. ಇನ್ನು ಮುಂದೆ ತರುವುದು ಬೇಡ.

ಬೀಚಿನಲ್ಲಿ, ಹೊಳೆಯಲ್ಲಿ ಹುಡುಗರು ಮುಳುಗಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಇನ್ನಾಲಿಲ್ಲಾಹಿ ಹೇಳಿ, ದುಆ ಮಾಡಿ, ಮರೆಯುತ್ತೇವೆ. ನಮ್ಮ ಜಮಾಅತ್‌ಗಳು, ಶಾಲೆಯ ಆಡಳಿತದವರು, ಯುವಕ ಸಂಘಗಳು ರಕ್ತದಾನ ಶಿಬಿರವನ್ನು ಎಷ್ಟು ಚೆನ್ನಾಗಿ ನಡೆಸುತ್ತಾರೆ! ಅದೇ ಹುರುಪಿನಲ್ಲಿ ಬೇಸಿಗೆ ರಜೆಗೊಂದು ಈಜು ಶಿಬಿರ ಮಾಡಲಿ. ಊರಿನ ಈಜುಕೊಳದವರ ಬಳಿ ಕೇಳಿ, ಹೆಂಗಸರಿಗೂ ಹೆಣ್ಣು ಮಕ್ಕಳಿಗೂ ಪ್ರತ್ಯೇಕ ಸಮಯ, ಕಲಿಸಲು ಹೆಂಗಸರೇ ಇರುವಂತೆ ಮಾಡಲಿ. ಹತ್ತು ಮನೆಯವರು ಒಟ್ಟಾಗಿ ಕೇಳಿದರೆ ಇಲ್ಲವೆನ್ನುವುದು ಕಷ್ಟ. ಮದುವೆಯ ಒಂದು ದಿನದ ಡೆಕೊರೇಶನ್ ಖರ್ಚಿನಲ್ಲಿ ಒಂದು ಮೊಹಲ್ಲಾದ ಮಕ್ಕಳೆಲ್ಲ ಈಜು ಕಲಿಯಬಹುದು.

ವಾಪಸ್ ಬರುವಾಗ ವ್ಯಾನಿನಲ್ಲಿ ಎಲ್ಲರಿಗೂ ನಿದ್ದೆ. ಮಾವ ಮಾತ್ರ ಎಚ್ಚರವಿದ್ದರು. ಕುಂದಾಪುರ ದಾಟಿದ ಮೇಲೆ ಮೆಲ್ಲಗೆ ಕೇಳಿದರು: “ಈ ವಯಸ್ಸಿನಲ್ಲಿ ಈಜು ಕಲಿಯಲಿಕ್ಕೆ ಆಗ್ತದಾ?” ಆಗ್ತದೆ ಅಂದೆ. ನಮ್ಮಿಬ್ಬರ ಹೆಸರೂ ಈಗ ಈಜುಕೊಳದ ಪಟ್ಟಿಯಲ್ಲಿದೆ, ಮಗಳದ್ದು ನಮಗಿಂತ ಮೇಲೆ.