ಸೆಟ್ಟಿಂಗ್ ಯಾವ ಖಾತೆಗೆ?

ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಮಾಡಿದ್ದೇನೆ ಎಂದ ಕೂಡಲೇ ನಮ್ಮ ಕಾಮರ್ಸ್ ಗೆಳೆಯರು ಕೇಳುವ ಮೊದಲ ಪ್ರಶ್ನೆ, "ಎಷ್ಟ್ ಬಿತ್ತು?" ನಮಗೆ ಕಲಿಸಿದ್ದೇ ಅದನ್ನು, ಕೇಳಲಿ. ಬಿದ್ದದ್ದು 5,800 ರೂಪಾಯಿ. ಹಳೆ ಬಾಗಿಲ ಚೌಕಟ್ಟಿನ ಸಾಗವಾನಿ ಕಟ್ಟಿಗೆಗೆ 600. ಆನ್‌ಲೈನಿನಲ್ಲಿ ತರಿಸಿದ ಫ್ರೆಟ್, ಬ್ರಿಡ್ಜ್, ತಂತಿ ಬಿಗಿಯುವ ಕೀಲಿ, ಕತ್ತಿನೊಳಗೆ ಕೂರುವ ಉಕ್ಕಿನ ಟ್ರಸ್ ರಾಡ್, ಎಲ್ಲ ಸೇರಿ 3,400. ಉಳಿದದ್ದು ತಾಮ್ರದ ತಂತಿ, ಅಯಸ್ಕಾಂತ, ಸ್ವಿಚ್ಚು, ಫೆವಿಕಾಲ್, ಪಾಲಿಶ್ ಪೇಪರ್ ಇಂಥವಕ್ಕೆ. "ಇದಕ್ಕಿಂತ ಕಡಿಮಿಗೆ ಹೊಸಾದ ಸಿಗ್ತದಲ್ಲೋ" ಎನ್ನುವುದು ಎರಡನೇ ಮಾತು. ಹೌದು, ಸಿಗುತ್ತದೆ.

ಆದರೆ ನನ್ನ ಲೆಕ್ಕದ ಪುಸ್ತಕದಲ್ಲಿ ಒಂದು ಕಲಂ ಖಾಲಿ ಉಳಿದಿದೆ. ಕಟ್ಟಿಗೆ ಕೊಯ್ದು, ಅಂಟಿಸಿ, ತಂತಿ ಏರಿಸಲು ಐದು ವಾರದ ಭಾನುವಾರಗಳು ಸಾಕಾದವು. ಏರಿಸಿದ ಆ ತಂತಿಗಳು ಸರಿಯಾದ ಸ್ವರ ನುಡಿಯಲು ಇನ್ನೂ ಹನ್ನೊಂದು ವಾರ ಹಿಡಿಯಿತು. ಆ ಹನ್ನೊಂದು ವಾರಕ್ಕೆ ಬಿಲ್ ಇಲ್ಲ. ಗ್ಯಾರೇಜಿನವರು ಇದಕ್ಕೆ 'ಸೆಟ್ಟಿಂಗ್' ಎನ್ನುತ್ತಾರೆ. ಅದು ಗೊತ್ತಿದ್ದವರು ನನಗೆ ಪುಕ್ಕಟೆ ಕಲಿಸಿದರು. ಅವರಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ಸೆಟ್ಟಿಂಗ್ ಅಂದರೆ ಏನು ಎಂದು ಹೇಳಬೇಕು, ಇಲ್ಲವಾದರೆ ನನ್ನ ಬೇಡಿಕೆ ಅರ್ಥವಾಗುವುದಿಲ್ಲ.

ತಂತಿ ಏರಿಸಿದ ದಿನ ನನ್ನ ಗಿಟಾರ್ ನೋಡಲು ಗಿಟಾರಿನಂತೆಯೇ ಇತ್ತು. ಖಾಲಿ ತಂತಿ ಮೀಟಿದರೆ ಸರಿಯಾದ ಸ್ವರ. ಐದನೇ ಫ್ರೆಟ್ ಒತ್ತಿದರೆ ತಗಡು ಅಲುಗಿದಂತೆ ಝರ್ ಎನ್ನುತ್ತಿತ್ತು. ಹನ್ನೆರಡನೇ ಫ್ರೆಟ್ ಒತ್ತಿದರೆ ಸ್ವರ ಮೇಲೇರಿ ಬೇರೆಯೇ ಆಗುತ್ತಿತ್ತು. ಟಿಕೋಟಾದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಮಾಮೂ ಅದನ್ನು ಕೇಳಿ ಹೇಳಿದ್ದು: "ಕಿತ್ತಾ ಭೀ ಅಚ್ಛಾ ಬನಾವ್, ಸೆಟ್ಟಿಂಗ್ ನೈಂ ತೋ ಲಕ್ಡೀಚ್ ಹೈ." ಎಷ್ಟೇ ಚಂದ ಮಾಡು, ಸೆಟ್ಟಿಂಗ್ ಇಲ್ಲದಿದ್ದರೆ ಅದು ಬರೀ ಕಟ್ಟಿಗೆಯೇ.

ಮಾಮೂ ಗಿಟಾರ್ ಮುಟ್ಟಿದ್ದು ಅದೇ ಮೊದಲು. ಅವರ ಕೆಲಸ ದ್ರಾಕ್ಷಿ ತೋಟಗಳಲ್ಲಿ ಸುಟ್ಟುಹೋದ ಬೋರ್ ಮೋಟಾರು ಮತ್ತು ಮನೆಗಳ ಫ್ಯಾನು ಸುತ್ತುವುದು. ಆದರೆ ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ, ಅಷ್ಟೇ. ಮೇಲೆ ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ವ್ಯತ್ಯಾಸ ಇರುವುದು ತಂತಿಯ ದಪ್ಪದಲ್ಲಿ. ಪಿಕಪ್‌ಗೆ ಬೇಕಾದ ತಂತಿ 0.063 ಮಿಲಿಮೀಟರ್, ಅಂದರೆ ಕೂದಲಿನಷ್ಟು. ಸುತ್ತುಗಳು ಸುಮಾರು 8,000. ಫ್ಯಾನಿನ ತಂತಿಗೆ ಒಗ್ಗಿದ ಮಾಮೂವಿನ ಯಂತ್ರದಲ್ಲಿ ಅದು ಮೂರು ಸಲ ಹರಿಯಿತು. ನಾಲ್ಕನೇ ಸಲ ಅವರು ಯಂತ್ರದ ಬಿಗಿತ ಪೂರ್ತಿ ಬಿಟ್ಟು, ತಂತಿಯನ್ನು ಎರಡು ಬೆರಳ ನಡುವೆ ಹಾಯಿಸಿ, ಬೆರಳಿನಿಂದಲೇ ಬಿಗಿ ಹಿಡಿದರು. ಮೀಟರ್ ಇಟ್ಟರೆ ಆರು ಕಿಲೋ ಓಮ್, ಬೇಕಾದಷ್ಟೇ. ಆಂಪ್ಲಿಫೈಯರಿಗೆ ಹಚ್ಚಿದಾಗ ಗುಂಯ್ ಎಂಬ ಸದ್ದು ಬಂತು. "ಪೈಲೆ ಅರ್ಥಿಂಗ್ ದೇಖ್ ರೇ" ಎಂದವರೇ ಬ್ರಿಡ್ಜಿನಿಂದ ಒಂದು ತಂತಿ ಎಳೆದು ಅರ್ಥಿಗೆ ಸೇರಿಸಿದರು. ಗುಂಯ್ಗುಡುವುದು ಮುಕ್ಕಾಲು ಪಾಲು ಇಳಿಯಿತು. ಅಯಸ್ಕಾಂತ ತಂತಿಗೆ ತೀರ ಹತ್ತಿರವಾದರೆ ತಂತಿಯನ್ನೇ ಎಳೆದು ಸ್ವರ ಕೆಡಿಸುತ್ತದೆ ಎನ್ನುವುದೂ ಅವರಿಗೆ ನಾನು ಹೇಳುವ ಮೊದಲೇ ಹೊಳೆದಿತ್ತು.

ಕಟ್ಟಿಗೆಯ ಪಾಠ ಬಬಲೇಶ್ವರದ ಬಡಿಗೇರ ಕಾಕಾ ಅವರದು. ಅಬ್ಬಾನ ಹಳೆಯ ಗೆಳೆಯರು, ಬಾಗಿಲು ಚೌಕಟ್ಟು ಮಾಡುವವರು. ನಾನು ಮೊದಲು ಹೊಸ ಹಲಗೆ ಒಯ್ದಿದ್ದೆ. ಅದನ್ನು ಉಗುರಿನಿಂದ ತಟ್ಟಿ, ಕೈಯಲ್ಲಿ ತೂಗಿ, "ತಮ್ಮಾ, ಇದು ಇನ್ನೂ ಹಸಿ ಐತಿ. ನಮ್ ಬ್ಯಾಸಗಿ ಇದನ್ನ ಸುಮ್ನ ಬಿಡಾಂಗಿಲ್ಲ. ಮನಿ ಕೆಡವಿದ್ದು ಹಳೀ ಚೌಕಟ್ಟ ಹುಡುಕ್ಕೊಂಡ್ ಬಾ" ಎಂದರು. ನಮ್ಮ ಜಿಲ್ಲೆಯ ಒಣ ಬಿಸಿಲಿಗೆ ಕಟ್ಟಿಗೆ ಕುಗ್ಗುತ್ತದೆ. ಫ್ರೆಟ್ ಲೋಹ ಕುಗ್ಗುವುದಿಲ್ಲ, ಅದರ ತುದಿ ಕತ್ತಿನ ಬದಿಯಿಂದ ಹೊರಬಂದು ಅಂಗೈಗೆ ಚುಚ್ಚುತ್ತದೆ. ಮಳೆಗಾಲದಲ್ಲಿ ಕಟ್ಟಿಗೆ ನೀರು ಹೀರಿ ಕತ್ತು ಬೇರೆ ಕಡೆ ಬಾಗುತ್ತದೆ. ಎಪ್ಪತ್ತು ಬೇಸಿಗೆ ಕಂಡ ಚೌಕಟ್ಟು ಆಡುವಷ್ಟು ಆಡಿ ಮುಗಿಸಿರುತ್ತದೆ. ಹಾಗಿದ್ದರೂ ಏಪ್ರಿಲ್‌ನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಟ್ರಸ್ ರಾಡಿನ ನಟ್ಟು ಕಾಲು ಸುತ್ತು ತಿರುಗಿಸಬೇಕಾಯಿತು. ಕಾಲು ಸುತ್ತು ತಿರುಗಿಸಿ ಒಂದು ರಾತ್ರಿ ಕಾಯಬೇಕು. ಕಟ್ಟಿಗೆಗೆ ಅವಸರ ಗೊತ್ತಿಲ್ಲ.

ಆ ಬಾಗು ಅಳೆಯುವುದು ಹೇಗೆ? ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದರೆ ಏಳನೆಯದರ ಮೇಲೆ ಸುಮಾರು 0.25 ಮಿಲಿಮೀಟರ್ ಸಂದು ಇರಬೇಕು. ಅದಕ್ಕೆ ಬೇಕಾದದ್ದು ಫೀಲರ್ ಗೇಜ್. ಅದು ನನಗೆ ಸಿಕ್ಕಿದ್ದು ಖಾಲಾನ ಮಗನ ಹತ್ತಿರ. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಉಳಿದು, ಶಾಲೆ ಬಿಟ್ಟು, ಗ್ಯಾರೇಜ್ ಸೇರಿದವನು. ಬೈಕಿನ ಟ್ಯಾಪೆಟ್ ಸೆಟ್ಟಿಂಗಿಗೆ ದಿನಾ ಮಿಲಿಮೀಟರಿನ ನೂರರ ಭಾಗಗಳಲ್ಲಿ ಕೆಲಸ ಮಾಡುತ್ತಾನೆ. ಗೇಜಿನ ಪಟ್ಟಿಯನ್ನು ಸಂದಿನಲ್ಲಿ ಹಾಯಿಸಿ, "ಹಿಡೀಬಾರ್ದು, ಸಡಿಲಾನೂ ಇರಬಾರ್ದು, ಬೆಣ್ಣ್ಯಾಗ ಹೋದಂಗ ಹೋಗ್ಬೇಕು" ಎಂದು ತೋರಿಸಿಕೊಟ್ಟ. ಐದನೇ ಫ್ರೆಟ್ಟಿನ ಝರ್ ಸದ್ದಿನ ಕಾರಣ ಹುಡುಕಿದವನೂ ಅವನೇ. ಸಣ್ಣ ಉಕ್ಕಿನ ಪಟ್ಟಿಯನ್ನು ಮೂರು ಮೂರು ಫ್ರೆಟ್ಟುಗಳ ಮೇಲೆ ಇಟ್ಟು ಅಲುಗಿಸುತ್ತ ಹೋದ. ಆರನೆಯದರ ಮೇಲೆ ಪಟ್ಟಿ ಕುಣಿಯಿತು, ಅಂದರೆ ಆರನೆಯದು ಎತ್ತರ. ಗ್ರಾನೈಟ್ ತುಂಡಿಗೆ ಪಾಲಿಶ್ ಪೇಪರ್ ಅಂಟಿಸಿ ಎಲ್ಲ ಫ್ರೆಟ್ಟುಗಳ ತಲೆ ಒಂದೇ ಮಟ್ಟಕ್ಕೆ ತಂದೆವು. ಇವನನ್ನು ನಮ್ಮ ಮನೆಗಳಲ್ಲಿ "ಪಡ್ಯಾ ನೈಂ" ಎಂಬ ಎರಡೇ ಶಬ್ದದಲ್ಲಿ ಮುಗಿಸಿಬಿಡುತ್ತಾರೆ.

ನನ್ನ ಪಾಲಿನ ಕೆಲಸ ಲೆಕ್ಕದ್ದು. ಇದನ್ನು ಕಾಮರ್ಸ್ ಗೆಳೆಯರು ಗಮನವಿಟ್ಟು ಓದಬೇಕು. ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ಸವಕಳಿಯ ಪಾಠ ಇದೆಯಲ್ಲ, ಅದರ ರಿಟನ್ ಡೌನ್ ವ್ಯಾಲ್ಯೂ ಪದ್ಧತಿಯೇ ಗಿಟಾರಿನ ಫ್ರೆಟ್ ಲೆಕ್ಕ. ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 648 ಮಿಲಿಮೀಟರ್ ಎಂದುಕೊಳ್ಳಿ. ಸವಕಳಿ ದರ ಶೇ. 5.61. ಮೊದಲ ಫ್ರೆಟ್ 36.4 ಮಿಲಿಮೀಟರ್ ದೂರದಲ್ಲಿ, ಉಳಿದದ್ದು 611.6. ಅದರ ಶೇ. 5.61 ಅಂದರೆ 34.3, ಅಲ್ಲಿ ಎರಡನೆಯದು. ಹೀಗೆ ಉಳಿದದ್ದರ ಮೇಲೆಯೇ ಕಳೆಯುತ್ತ ಹೋದರೆ 12ನೇ ಫ್ರೆಟ್ಟಿಗೆ ಸರಿಯಾಗಿ ಅರ್ಧ, 324. ಅರ್ಧ ತಂತಿ ಎಂದರೆ ಅದೇ ಸ್ವರ, ಒಂದು ಸಪ್ತಕ ಮೇಲೆ. ಬ್ರಿಡ್ಜಿನ ಕಡೆಗೆ ಫ್ರೆಟ್ಟುಗಳು ಒತ್ತೊತ್ತಾಗುವುದು ಇದಕ್ಕೇ. ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲಿ 1581ರಲ್ಲಿ ಲೂಟ್ ವಾದ್ಯಕ್ಕೆ ಹೇಳಿದ ದರ ಹದಿನೆಂಟರಲ್ಲಿ ಒಂದು ಪಾಲು. ನನ್ನ ಗಿಟಾರಿಗೆ ಆ ದರ ಹಾಕಿದರೆ 12ನೆಯದಕ್ಕೆ 326.4 ಉಳಿಯುತ್ತದೆ, 2.4 ಮಿಲಿಮೀಟರ್ ವ್ಯತ್ಯಾಸ.

ಇಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದರೂ ಸ್ವರ ತಪ್ಪುತ್ತದೆ. ಬೆರಳು ಒತ್ತಿದಾಗ ತಂತಿ ಸ್ವಲ್ಪ ಎಳೆದಂತಾಗಿ ಸ್ವರ ಏರುತ್ತದೆ, ದಪ್ಪ ತಂತಿಯಲ್ಲಿ ಹೆಚ್ಚು. ಆದ್ದರಿಂದ ಬ್ರಿಡ್ಜಿನ ಮೇಲೆ ಪ್ರತಿ ತಂತಿಗೂ ಬೇರೆ ಬೇರೆ ಸ್ಯಾಡಲ್ ಇಟ್ಟು, ಒಂದೊಂದನ್ನೂ ಬೇಕಾದಷ್ಟು ಹಿಂದೆ ಸರಿಸಬೇಕು. 12ನೇ ಫ್ರೆಟ್ಟಿನ ಮೇಲೆ ಬೆರಳು ಸುಮ್ಮನೆ ತಾಗಿಸಿ ಮೀಟಿದ ಸ್ವರ ಮತ್ತು ಅಲ್ಲೇ ಒತ್ತಿ ಮೀಟಿದ ಸ್ವರ ಎರಡೂ ತಾಳೆಯಾಗಬೇಕು. ಕ್ಯಾಶ್ ಬುಕ್ ಮತ್ತು ಪಾಸ್ ಬುಕ್ ತಾಳೆ ಮಾಡಿದ ಹಾಗೆಯೇ. ಕಷ್ಟ ಏನೆಂದರೆ, ಇದನ್ನು ಸರಿಮಾಡಿ ತಂತಿಯ ಎತ್ತರ ಬದಲಿಸಿದರೆ ಮತ್ತೆ ತಾಳೆ ತಪ್ಪುತ್ತದೆ. ಕತ್ತು, ಎತ್ತರ, ಸ್ಯಾಡಲ್, ಪುನಃ ಕತ್ತು. ಹನ್ನೊಂದು ವಾರ ಹೋದದ್ದು ಹೀಗೆ.

ಈ ಕೆಲಸಕ್ಕೆ ಬೆಲೆ ಕೊಡುವ ಊರು ದೂರವೇನಿಲ್ಲ. ಗಡಿಯಾಚೆಯ ಮಿರಜಿನಲ್ಲಿ ಸಿತಾರ್, ತಂಬೂರಿ ಮಾಡುವ ಮನೆತನಗಳ ಹಿರಿಯರು ಶಿಕಲಗಾರರು, ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು. 2024ರಲ್ಲಿ ಅಲ್ಲಿಯ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬುರುಡೆಗೆ ಬೇಕಾದ ಸೋರೆ ಬರುವುದು ಪಂಢರಪುರದ ಕಡೆಯಿಂದ, ನಮ್ಮ ಜಿಲ್ಲೆಗೂ ಹರಿದು ಬರುವ ಭೀಮಾ ದಂಡೆಯಿಂದ. ಸಿತಾರಿನ ಬ್ರಿಡ್ಜಿನ ಮೇಲ್ಮೈಯನ್ನು ಅರದಿಂದ ತೀಡಿ ನವಿರಾದ ಇಳಿಜಾರು ಕೊಡುವ ಕೆಲಸಕ್ಕೆ 'ಜವಾರಿ' ಎನ್ನುತ್ತಾರೆ. ನಮ್ಮ ಜವಾರಿ ಕೋಳಿ, ಜವಾರಿ ಬದನೆಕಾಯಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ತಂತಿ ಆ ಇಳಿಜಾರಿಗೆ ಸವರಿಕೊಂಡು ಅದುರಿದಾಗಲೇ ಸಿತಾರಿನ ಆ ತುಂಬು ನಾದ ಬರುವುದು. ನನ್ನ ಗಿಟಾರಿನಲ್ಲಿ ನಾನು ಓಡಿಸಲು ಒದ್ದಾಡಿದ ಸವರಾಟವನ್ನೇ ಅಲ್ಲಿ ಅಳತೆ ಮಾಡಿ ಕೂರಿಸುತ್ತಾರೆ! ತಂತಿ ಗೀರಿ ಗೀರಿ ಬ್ರಿಡ್ಜ್ ಸವೆದರೆ ಜವಾರಿ ಮತ್ತೆ ತೆಗೆಸಬೇಕು, ಅದಕ್ಕೆ ಬೇರೆಯೇ ಕೂಲಿ. ಸೆಟ್ಟಿಂಗಿಗೆ ಅಲ್ಲಿ ಹೆಸರೂ ಇದೆ, ದರವೂ ಇದೆ.

ನಮ್ಮ ಊರಿನದೇ ಹೇಳಬೇಕಾದರೆ, ಟಿಕೋಟಾ ಬಸ್ಸು ಹಾಯುವ ತೊರವಿಯ ಹತ್ತಿರ ನವರಸಪುರದ ಸಂಗೀತ ಮಹಲಿನ ಪಾಳು ಗೋಡೆಗಳಿವೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹಿ ದಖನಿಯಲ್ಲಿ 'ಕಿತಾಬ್-ಎ-ನವರಸ್' ಬರೆದ. ತನ್ನ ತಂಬೂರಿಗೆ 'ಮೋತಿ ಖಾನ್' ಎಂದು ಹೆಸರಿಟ್ಟಿದ್ದ. ಆ ಮೋತಿ ಖಾನನ ಸ್ವರ ಹೊಂದಿಸಿಕೊಟ್ಟ ಕೈ ಯಾರದು ಎಂದು ಪ್ರವಾಸಿ ಗೈಡುಗಳನ್ನು ಕೇಳಿ ನೋಡಿ.

ಇದೆಲ್ಲ ಹುಡುಗಾಟ ಎನ್ನುವವರಿಗೆ ಒಂದು ಮಾತು. ಇಂಗ್ಲೆಂಡಿನ ಬ್ರಯಾನ್ ಮೇ 1963ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ತಂದೆಯ ಜೊತೆ ಕೂತು ಗಿಟಾರ್ ಮಾಡಲು ತೊಡಗಿದ. ಕತ್ತಿಗೆ ಹಳೆ ಅಗ್ಗಿಷ್ಟಿಕೆಯ ಮೇಲಿನ ಹಲಗೆ, ಒಳಗೆ ಮೋಟಾರ್ ಸೈಕಲ್ ಎಂಜಿನ್ನಿನ ಸ್ಪ್ರಿಂಗು, ಗುರುತಿಗೆ ತಾಯಿಯ ಡಬ್ಬಿಯ ಗುಂಡಿಗಳು. ಎರಡು ವರ್ಷ ಹಿಡಿಯಿತು. ಆಮೇಲೆ ಕ್ವೀನ್ ತಂಡದಲ್ಲಿ ಅದನ್ನೇ ನುಡಿಸಿದ, 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೂ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಶಾಲೆ ಕಲಿತದ್ದು ಪಂಚಗಣಿಯಲ್ಲಿ. ಬ್ರಯಾನ್ ಮೇ 2007ರಲ್ಲಿ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಕೂಡ ಪಡೆದ. ಅವನಿಗೆ ಸಿಕ್ಕ ಅನುಕೂಲ ಒಂದೇ: ಓದಿದ ತಂದೆಯೇ ಮೇಜಿನ ಮುಂದೆ ಕೂತು ಕೈಕೆಲಸವನ್ನೂ ಮಾಡುತ್ತಿದ್ದರು. ನಮ್ಮಲ್ಲಿ ಓದುವವರು ಒಂದು ಓಣಿ, ಕೈಕೆಲಸದವರು ಇನ್ನೊಂದು ಓಣಿ.

ಮನೆಯಲ್ಲಿ ಗಿಟಾರಿನ ಬಗ್ಗೆ ಎಲ್ಲರ ಅಭಿಪ್ರಾಯ ಒಂದೇ ಇಲ್ಲ ಎನ್ನುವುದನ್ನೂ ಮುಚ್ಚಿಡುವುದಿಲ್ಲ. ನಾನೀಗೆ ಇಷ್ಟವಿಲ್ಲ. ಅಬ್ಬಾ ಮೂರು ಷರತ್ತು ಹಾಕಿದ್ದಾರೆ: ಅಜಾನ್ ಹೊತ್ತಿನಲ್ಲಿ ಬೇಡ, ಪರೀಕ್ಷೆಯ ತಿಂಗಳಲ್ಲಿ ಬೇಡ, ಪಕ್ಕದ ಮನೆಯವರು ಬೇಡ ಎಂದರೆ ಬೇಡ. ಒಪ್ಪಿಕೊಂಡಿದ್ದೇನೆ. ಸಂಗೀತದ ಪ್ರಶ್ನೆಯನ್ನು ದೊಡ್ಡವರು ನೋಡಿಕೊಳ್ಳಲಿ, ನಾನು ಕೇಳುತ್ತಿರುವುದು ಕಾಲೇಜಿನಲ್ಲಿ ಒಂದು ಮೇಜು ಮಾತ್ರ.

ಪ್ರತಿ ವರ್ಷ ವಸ್ತು ಪ್ರದರ್ಶನದಲ್ಲಿ ಮಾಡೆಲ್ ಇಡುವುದು ವಿಜ್ಞಾನ ವಿಭಾಗದವರು. ಕಾಮರ್ಸ್ ಮತ್ತು ಆರ್ಟ್ಸ್‌ಗೆ ತಿಂಡಿ ಸ್ಟಾಲ್. ಲ್ಯಾಬಿನ ಸೋಲ್ಡರಿಂಗ್ ಕಡ್ಡಿ ನಮಗೆ ಮುಟ್ಟಲು ಇಲ್ಲ. ಇದು ಬದಲಾಗಲಿ. ತಿಂಗಳಿಗೆ ಎರಡು ಶನಿವಾರ, ತರಗತಿ ಮುಗಿದ ಮೇಲೆ, ಭೌತಶಾಸ್ತ್ರ ಲ್ಯಾಬಿನ ಒಂದು ಮೇಜು ಮೂರೂ ವಿಭಾಗದವರಿಗೆ ತೆರೆದಿರಲಿ. ಗಿಟಾರೇ ಆಗಬೇಕಿಲ್ಲ. ಹೊಲಿಗೆ ಯಂತ್ರವಾಗಲಿ, ಮಿಕ್ಸರ್ ಆಗಲಿ, ಕೆಟ್ಟದ್ದನ್ನು ಬಿಚ್ಚಿ ಸೆಟ್ಟಿಂಗ್ ಮಾಡಲು ಕಲಿಯೋಣ. ಕಲಿಸಲು ರಿವೈಂಡಿಂಗ್‌ನವರು, ಬಡಿಗೇರರು, ಗ್ಯಾರೇಜಿನವರು ಬರಲಿ. ಬಂದವರಿಗೆ ಚಹಾ ಕುಡಿಸಿ ಕಳಿಸುವುದು ಬೇಡ, ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಕೊಡಬೇಕು, ರಸೀದಿ ಸಮೇತ. ಲೆಕ್ಕ ಬರೆಯಲು ಕಾಮರ್ಸ್ ವಿಭಾಗ ಇದ್ದೇ ಇದೆ. ಗ್ಯಾರೇಜಿನಲ್ಲಿ ಅವರನ್ನು ಉಸ್ತಾದ್ ಎಂದು ಕರೆಯುತ್ತಾರೆ, ಇಲ್ಲಿಯೂ ಹಾಗೇ ಕರೆಯಬಹುದು.

ಮಾಮೂನ್ನ ಕೇಳಿದೆ. ಮೊದಲು ನಕ್ಕರು. ಆಮೇಲೆ ಬರುತ್ತೇನೆ ಎಂದರು, ಆದರೆ ಬೇಸಿಗೆ ಶುರುವಾದ ಮೇಲೆ ಆಗದು, ಬೋರ್ ಮೋಟಾರು ಸುಡುವ ಕಾಲ, ಅಂಗಡಿ ಬಿಟ್ಟು ಏಳಲಾಗುವುದಿಲ್ಲ. ಬಡಿಗೇರ ಕಾಕಾ ಅವರಿಗೂ ಮದುವೆ ಸುಗ್ಗಿಗೆ ಮೊದಲು ಕಪಾಟುಗಳ ಕೆಲಸ ಬಂದುಬೀಳುತ್ತದೆ. ಪ್ರಾಚಾರ್ಯರು ಮತ್ತು ಲ್ಯಾಬಿನ ಸರ್ ಮನಸ್ಸು ಮಾಡುವುದಿದ್ದರೆ ಡಿಸೆಂಬರ್ ಒಳಗೆ ಮಾಡಬೇಕು.